ಎರಡು ಸ್ಟಾಪುಗಳ ನಡುವೆ

ಹಿಂದೆ ಎಲ್ಲೋ ಬಸ್ಸೊಂದು ನಿಂತಿತು, ಬಾಗಿಲು ಉಸ್ಸೆಂದು ತೆರೆಯಿತು, ಸ್ವಲ್ಪ ಹೊತ್ತು ಬಿಟ್ಟು ಉಸ್ಸೆಂದು ಮುಚ್ಚಿತು. ತಿರುಗಿ ನೋಡದೆಯೇ ಅದು ತನ್ನ ಗಂಡನ ಬಸ್ಸೆಂದು ಅವಳಿಗೆ ಗೊತ್ತಾಯಿತು. ಬೇರೆ ಡ್ರೈವರುಗಳ ಬ್ರೇಕು ಕಿರುಚುತ್ತದೆ, ನಿಂತವರು ಒಬ್ಬರ ಮೇಲೊಬ್ಬರು ವಾಲುತ್ತಾರೆ. ಅವನು ನಿಲ್ಲಿಸಿದರೆ ಬಸ್ಸು ತಾನಾಗಿಯೇ ಯೋಚಿಸಿ ನಿಂತ ಹಾಗೆ ನಿಲ್ಲುತ್ತದೆ. ಬೆಳಗಿನಿಂದ ಕೇಳಿಸದಿದ್ದ ಆ ಸದ್ದು ಈಗ ಕೇಳಿಸಿತೆಂದರೆ ತಾನು ಹಿಂದೆ ಬೀಳುತ್ತಿದ್ದೇನೆ ಎಂದೇ ಅರ್ಥ. ಓಟದ ಬಾಲಕ್ಕೆ ಬರುವ ಆ ಬಸ್ಸನ್ನು ಓಟಗಾರರು ಪೊರಕೆ ಬಸ್ಸು ಎನ್ನುತ್ತಾರೆ. ಗೊತ್ತುಮಾಡಿದ ವೇಗದಲ್ಲಿ ಅದು ಬರುತ್ತಿರುತ್ತದೆ. ಅದಕ್ಕೆ ಸಿಕ್ಕವರನ್ನು ಗುಡಿಸಿ ಒಳಗೆ ಹಾಕಿಕೊಳ್ಳುತ್ತದೆ. ಅದರ ಬೆನ್ನ ಹಿಂದೆ ಯಾರನ್ನೂ ಬಿಡುವಂತಿಲ್ಲ, ಏಕೆಂದರೆ ಅದು ದಾಟಿದೊಡನೆ ರಸ್ತೆಯನ್ನು ಲಾರಿ ಕಾರುಗಳಿಗೆ ಬಿಟ್ಟುಕೊಡುತ್ತಾರೆ. ಬಸ್ಸು ಕೊನೆಯ ಗೆರೆ ಮುಟ್ಟಿತೆಂದರೆ ಓಟ ಮುಗಿಯಿತು. ಅದರ ಮುಂದೆ ಬಂದವರು ಓಡಿ ಮುಗಿಸಿದವರು, ಒಳಗೆ ಕೂತು ಬಂದವರು ಬರೀ ಕೂತು ಬಂದವರು. ಒಳಗೆ ನೀರಿದೆ, ಬಾಳೆಹಣ್ಣಿದೆ, ಕಾಲಿಗೆ ಹಚ್ಚಲು ಮುಲಾಮಿದೆ, ಎಲ್ಲ ಇದೆ. ಅವಳಿಗೆ ಬೇಕಾದ್ದು ಮಾತ್ರ ಇಲ್ಲ.

ಈ ಬಸ್ಸಿನ ಡ್ಯೂಟಿ ತನಗೆ ಬಿದ್ದಿದೆಯೆಂದು ಅವನು ಹೇಳಿದ್ದು ನಿನ್ನೆ ಸಂಜೆ, ಅಡಿಗೆಮನೆಯ ಬಾಗಿಲಲ್ಲಿ ಕೂತು ಶೂಗೆ ಪಾಲಿಶ್ ಹಚ್ಚುತ್ತಾ, ನಾಳೆ ಹಾಲು ಬರುವುದಿಲ್ಲ ಎನ್ನುವಷ್ಟು ಸಾದಾ ದನಿಯಲ್ಲಿ. ಅವಳ ಕೈಯಲ್ಲಿದ್ದ ಒಗೆದ ಬಟ್ಟೆ ಅಲ್ಲೇ ನಿಂತಿತು. ಊರಿನಲ್ಲಿ ಇಷ್ಟು ಡ್ರೈವರುಗಳಿದ್ದಾರೆ, ಇವನೇ ಬೇಕಾಗಿತ್ತೇ? ಹಿಂದೆ ಇವನಿದ್ದಾನೆಂದು ಗೊತ್ತಿದ್ದರೆ ತನಗೆ ಓಡಲಾದರೂ ಆದೀತೇ? ಅಥವಾ, ಇದು ಇನ್ನೂ ಕೆಟ್ಟದ್ದು, ತನ್ನನ್ನು ಕಂಡು ಅವನು ನಿಧಾನ ಮಾಡಿದರೆ? ಎರಡು ವರ್ಷ ನೋವು ತಿಂದು, ಕೊನೆಗೆ ಗಂಡನ ಕೃಪೆಯಿಂದ ಪದಕ ತಂದೆ ಎಂದು ಅಂಗಡಿಯವರ ಮುಂದೆ ಹೇಳುವುದೇ? ಅವಳು ಬಟ್ಟೆ ಮಡಚುತ್ತಲೇ ಹೇಳಿದಳು: "ನನಗೋಸ್ಕರ ಏನೂ ಮಾಡ್ಬೇಡಿ ರೀ. ಹಿಂದೆ ಬಿದ್ರೆ ಎಲ್ಲರ ಥರಾನೇ ಹತ್ತಿಸ್ಕೊಂಡ್ಬಿಡಿ." ಅವನು ಶೂ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದ. "ರೂಲ್ಸ್ ಏನಿದೆಯೋ ಅದನ್ನ ಮಾಡ್ತೀನಿ" ಎಂದ. ತಾನು ಕೇಳಿದ್ದೂ ಅದನ್ನೇ, ಅವನು ಕೊಟ್ಟದ್ದೂ ಅದನ್ನೇ. ಆದರೂ ಅವಳಿಗೆ ಚುರ್ರೆಂದಿತು. ಒಂದೇ ಒಂದು ಸಲ, ಬಾಯಿಮಾತಿಗಾದರೂ, ನೋಡೋಣ ಬಿಡು ಅನ್ನಬಾರದಿತ್ತೇ ಎನ್ನಿಸಿ ಅವನ ಒಂದು ಅಂಗಿಯನ್ನು ಎರಡು ಸಲ ಮಡಚಿದಳು.

ಡಿಪೋದಲ್ಲಿ ಅವನಿಗೆ ಗಡಿಯಾರ ಎಂದೇ ಹೆಸರು. ಅವನ ಬಸ್ಸು ಬಂತೆಂದರೆ ರಸ್ತೆ ಬದಿಯ ಅಂಗಡಿಯವರು ಬಾಗಿಲು ತೆರೆಯುತ್ತಾರೆ. ಮನೆಯಲ್ಲೂ ಅಷ್ಟೆ. ಅವಳು ಓಟದ ಅಭ್ಯಾಸ ಶುರುಮಾಡಿದ್ದು ಸಹ ಅವನ ದಾರಿಯಲ್ಲೇ, ಅವನ ಸ್ಟಾಪುಗಳನ್ನೇ ಗುರುತಿಟ್ಟುಕೊಂಡು: ಇವತ್ತು ಆಸ್ಪತ್ರೆಯ ಸ್ಟಾಪಿನವರೆಗೆ, ನಾಳೆ ಅದರಾಚೆಯ ಗ್ರಂಥಾಲಯದ ಸ್ಟಾಪಿನವರೆಗೆ. ಮೊದಲ ಟ್ರಿಪ್ಪಿನಲ್ಲಿ ಅವನು ಎದುರಾಗುತ್ತಿದ್ದ. ಹಾರ್ನ್ ಇಲ್ಲ, ಕೈಬೀಸುವುದಿಲ್ಲ, ಸ್ಟಿಯರಿಂಗ್ ಮೇಲಿದ್ದ ಒಂದು ಬೆರಳು ಮಾತ್ರ ಎದ್ದು ಮಲಗುತ್ತಿತ್ತು. ಆ ಬೆರಳಿಗಾಗಿ ಅವಳು ದಿನವೂ ಬೆನ್ನು ನೆಟ್ಟಗೆ ಮಾಡಿಕೊಂಡು ಓಡುತ್ತಿದ್ದಳು. ಈಗ ಅದೇ ರಸ್ತೆ. ಓಟದ ಕೊನೆಯ ಭಾಗ ಅವನ ದಾರಿಯ ಮೇಲೆಯೇ ಹೋಗುತ್ತದೆ. ಪ್ರತಿ ಸ್ಟಾಪಿನಲ್ಲೂ ಬಸ್ಸು ನಿಲ್ಲುವುದು, ಬಾಗಿಲು ತೆರೆಯುವುದು, ಮುಚ್ಚುವುದು ಕೇಳಿಸುತ್ತಿತ್ತು. ಖಾಲಿ ರಸ್ತೆ, ಖಾಲಿ ಸ್ಟಾಪು, ಹತ್ತುವವರಿಲ್ಲ ಇಳಿಯುವವರಿಲ್ಲ. ಆದರೂ ನಿಲ್ಲಿಸುತ್ತಾನಲ್ಲ ಮಹಾರಾಯ ಎಂದು ಅವಳಿಗೆ ಆ ಸುಸ್ತಿನಲ್ಲೂ ನಗು ಬಂತು. ನಗು ಪಕ್ಕೆಯಲ್ಲಿ ಚುಚ್ಚಿತು.

ಪಕ್ಕದಲ್ಲಿ ಟೊಪ್ಪಿಗೆ ಮೇಷ್ಟ್ರು ಏದುಸಿರು ಬಿಡುತ್ತಿದ್ದರು. ನಿವೃತ್ತ ಲೆಕ್ಕದ ಮೇಷ್ಟ್ರಂತೆ. ಬೆಳಗ್ಗೆ ಶುರುವಿನಲ್ಲೇ ಪರಿಚಯ ಮಾಡಿಕೊಂಡು, ಹೆಸರು ಹೇಳುವುದನ್ನು ಮರೆತು, ತಲೆಯ ಮೇಲಿನ ಕೆಂಪು ಟೊಪ್ಪಿಗೆಯ ಚರಿತ್ರೆಯನ್ನೆಲ್ಲ ಹೇಳಿದ್ದರು. ಮಾತು ನಿಂತು ಬಹಳ ಹೊತ್ತಾಗಿತ್ತು. ಸೇತುವೆ ಇಳಿದ ಮೇಲೆ ಅವರು ಸೊಂಟಕ್ಕೆ ಕೈಯಿಟ್ಟು ನಡೆಯತೊಡಗಿದರು, ನೀವು ಹೋಗಿ ತಾಯಿ, ನಾನು ಆ ಬಸ್ಸಿನ ಹಳೇ ಗಿರಾಕಿ ಎಂದರು. ಸ್ವಲ್ಪ ಮುಂದೆ ಹೋಗಿ ಅವಳು ತಿರುಗಿ ನೋಡಿದಳು. ಬಸ್ಸು ಅವರ ಬೆನ್ನಿಗೇ ಬಂದಿತ್ತು. ಆದರೆ ಬಾಗಿಲು ತೆರೆದಿರಲಿಲ್ಲ. ಮುದುಕ ಮುಂದೆ ಕಾಲೆಳೆಯುತ್ತಾ, ಬಸ್ಸು ಹಿಂದೆ ತೆವಳುತ್ತಾ, ಇಬ್ಬರೂ ಹಾಗೇ ಮುಂದಿನ ಸ್ಟಾಪಿನ ತನಕ ಬಂದರು. ಅಲ್ಲಿ ಬಸ್ಸು ನಿಂತಿತು, ಬಾಗಿಲು ತೆರೆಯಿತು, ಟೊಪ್ಪಿಗೆ ಒಳಗೆ ಹೋಯಿತು. ಅವಳ ಪಿತ್ತ ನೆತ್ತಿಗೇರಿತು. ವಯಸ್ಸಾದವರನ್ನೂ ಹೀಗೆ ನಡೆಸಬೇಕೇ? ಇವತ್ತೂ ಅದೇ ಹಟವೇ? ಇವನಿಗೆ ಎದೆಯಲ್ಲಿ ಇರುವುದು ಏನು, ವೇಳಾಪಟ್ಟಿಯೇ?

ಆ ಸಿಟ್ಟು ಇಂದಿನದಲ್ಲವೆಂದು ಅವಳಿಗೆ ಗೊತ್ತಿತ್ತು. ಮೊದಲನೇ ವರ್ಷ ಕಾಲು ಮುರಿದದ್ದು, ಮುರಿದದ್ದು ಕೂಡ ಅಲ್ಲ, ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು. ಅವಳ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜಿನ ಅಂಚು ತೇಯುವುದು. ತಿರುಗುವ ಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಿರುತ್ತದೆ, ಕೈ ದಿನವಿಡೀ ಬಿಳಿ ಕೆಸರಿನಲ್ಲಿರುತ್ತದೆ, ಫ್ರೇಮಿಗೆ ಗಾಜು ಕೂರುವ ಮೊದಲು ಹೆಬ್ಬೆರಳಿನಿಂದ ಅಂಚು ಸವರಿ ನೋಡುತ್ತಾಳೆ. ಕೂದಲೆಳೆಯಷ್ಟು ಬಿರುಕಿದ್ದರೂ ಆ ಗಾಜನ್ನು ಪಕ್ಕಕ್ಕಿಡುತ್ತಾಳೆ. ತನ್ನ ಕಾಲಿನ ವಿಷಯದಲ್ಲಿ ಮಾತ್ರ ಅದನ್ನು ಮಾಡಲಿಲ್ಲ. ನೋವಾಗುತ್ತಿತ್ತು, ಹೇಳಲಿಲ್ಲ, ಹೇಳಿದರೆ ಬಿಡಿಸುತ್ತಾರೆ ಎಂದು ಹಲ್ಲು ಕಚ್ಚಿ ಓಡಿದಳು. ಕಾಲಿಗೆ ವ್ಯಾಯಾಮ ಮಾಡಿಸುವ ಹುಡುಗಿ, ಮಗಳ ವಯಸ್ಸಿನವಳು, ಮೂಳೆಗೆ ನಿಮ್ಮ ಹಟ ಗೊತ್ತಾಗಲ್ಲ ಅಮ್ಮ ಎಂದಳು. ಎರಡನೇ ವರ್ಷ, ಆ ಕಾಲನ್ನು ಕಾಪಾಡಲು ಹೋಗಿ ಈ ಕಾಲಿನ ಹಿಮ್ಮಡಿಯ ನರ ಹರಿದುಹೋಯಿತು. ಅತ್ತೆ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, ಓಡಿಹೋಗೋ ವಯಸ್ಸಲ್ಲಿ ಸುಮ್ಮನಿದ್ದು ಈಗ ಓಡ್ತಾಳಂತೆ ಎಂದು ನಕ್ಕು, ನಗುತ್ತಲೇ ಕಾಲಿಗೆ ಎಣ್ಣೆ ತಿಕ್ಕಿದರು. ಅಂಗಡಿಯಲ್ಲಿ ಜೊತೆಯವರು ಓಟದ ರಾಣಿ ಬಂದಳು, ದಾರಿ ಬಿಡಿ ಎನ್ನುತ್ತಿದ್ದರು. ಕೋಲೂರಿಕೊಂಡು ಬರುವವಳಿಗೆ ಅದು ತಮಾಷೆಯಾಗಿ ಕೇಳಿಸುತ್ತಿರಲಿಲ್ಲ. ಗಂಡ ಏನೂ ಅನ್ನಲಿಲ್ಲ. ಬೆಳಗಿನ ಪಾಳಿ ಮುಗಿಸಿ ಬಂದು ಅನ್ನಕ್ಕಿಡುತ್ತಿದ್ದ, ಬಟ್ಟೆ ಹಿಂಡಿ ಹಾಕುತ್ತಿದ್ದ, ಬಚ್ಚಲಿಗೆ ಹೋಗುವಾಗ ತೋಳು ಕೊಡುತ್ತಿದ್ದ. ಅವನ ಆ ಸುಮ್ಮನಿರುವಿಕೆಯೇ ತಡೆಯಲಾಗದೆ ಒಂದು ದಿನ ಅವಳು, ಜೀವಮಾನವಿಡೀ ಕೂತು ಸಂಬಳ ತಗೊಂಡವರಿಗೆ ಕಾಲಿನ ಕಷ್ಟ ಏನು ಗೊತ್ತಾಗುತ್ತೆ ಎಂದುಬಿಟ್ಟಳು. ಅವನು ಅದನ್ನೂ ಹೊಟ್ಟೆಗೆ ಹಾಕಿಕೊಂಡು, ತೋಳನ್ನು ಮಾತ್ರ ಹಿಂದಕ್ಕೆ ತೆಗೆಯದೆ, ಅವಳನ್ನು ಬಚ್ಚಲ ಬಾಗಿಲ ತನಕ ಕರೆದುಕೊಂಡು ಹೋದ. ಆಡಿದ ಮಾತು ಈಗಲೂ ಒಮ್ಮೊಮ್ಮೆ, ಕಲ್ಲಿನ ಮೇಲೆ ಗಾಜು ಹಿಡಿದಾಗ, ಅವಳ ಕಿವಿಯಲ್ಲಿ ಅವಳದೇ ದನಿಯಲ್ಲಿ ಕೇಳಿಸುತ್ತದೆ.

ಅದಾದ ಕೆಲವೇ ದಿನಕ್ಕೆ ಆ ಮಧ್ಯಾಹ್ನ. ವ್ಯಾಯಾಮದ ಹುಡುಗಿಯ ಹತ್ತಿರ ಹೋಗಿ ಕೋಲೂರಿಕೊಂಡು ಬರುತ್ತಿದ್ದಳು, ಬಿಸಿಲಿಗೆ ರಸ್ತೆ ಕಣ್ಣು ಕುಕ್ಕುತ್ತಿತ್ತು, ಸ್ಟಾಪು ಇನ್ನೂ ದೂರವಿತ್ತು. ಹಿಂದಿನಿಂದ ಬಸ್ಸು ಬಂತು, ಅವನದೇ ಬಸ್ಸು. ಅವಳು ಕೈ ಎತ್ತಿದಳು. ಅವನು ಅವಳನ್ನು ನೋಡಿದ. ನೋಡಿದ್ದನ್ನು ಅವಳೂ ನೋಡಿದಳು. ಬಸ್ಸು ನಿಲ್ಲಲಿಲ್ಲ. ಅವಳನ್ನು ದಾಟಿ ಹೋಗಿ ಮುಂದಿನ ಸ್ಟಾಪಿನಲ್ಲಿ ನಿಂತು, ಬಾಗಿಲು ತೆರೆದುಕೊಂಡು ಕಾದಿತು. ಸ್ಟಾಪುಗಳ ನಡುವೆ ಬಾಗಿಲು ತೆರೆಯುವವನಲ್ಲ ಅವನು, ಯಾರಿಗೂ ಇಲ್ಲ, ಅದು ಅವನ ಕಂಡಕ್ಟರಿಗೆ ಗೊತ್ತು, ಊರಿಗೇ ಗೊತ್ತು. ಆದರೆ ಯಾರಿಗೂ ಎನ್ನುವುದರಲ್ಲಿ ತಾನೂ ಸೇರಿದ್ದೇನೆಂದು ಅವಳು ಅಂದುಕೊಂಡಿರಲಿಲ್ಲ. ಹಿಂದಿನ ಗಾಜಿನಲ್ಲಿ ಮುಖಗಳು ಸಾಲಾಗಿ ಅವಳನ್ನೇ ನೋಡುತ್ತಿದ್ದವು. ಕೋಲು, ಕಾಲು, ಕೋಲು, ಕಾಲು. ಅವಳು ಹತ್ತಲು ಬಂದಾಗ ಒಳಗೆ ಯಾರೋ ಒಬ್ಬ, ಇಲ್ಲೇ ಠಿಕಾಣಿ ಹೂಡ್ತೀರಾ ಎಂದು ಡ್ರೈವರನ್ನು ರೇಗಿಸುತ್ತಿದ್ದ. ಅವನು ಮುಂದೆ ನೋಡುತ್ತಲೇ, "ಒಬ್ಬರು ಬರೋರಿದಾರೆ, ಕಾಯ್ತಿದೀನಿ" ಎಂದ. ಒಬ್ಬರು! ಹೆಂಡತಿ ಅನ್ನಲಿಲ್ಲ, ನಮ್ಮವಳು ಅನ್ನಲಿಲ್ಲ. ಅವಳು ಕೊನೆಯ ಸೀಟಿಗೆ ಹೋಗಿ ಕೂತು ಕಿಟಕಿಗೆ ಮುಖ ಮಾಡಿದಳು. ಮನೆಗೆ ಬಂದ ಮೇಲೂ ಎಷ್ಟೋ ದಿನ ಉಪ್ಪು, ಸೊಪ್ಪು, ಬಾಗಿಲು ಹಾಕಿ ಎನ್ನುವುದನ್ನು ಬಿಟ್ಟರೆ ಅವನೊಂದಿಗೆ ಬೇರೆ ಮಾತಾಡಲಿಲ್ಲ. ಆ ವಾರ ಡಿಪೋದಿಂದ ಬಂದ ಅವನ ಗೆಳೆಯನೊಬ್ಬ, ಗಡಿಯಾರ ಮೊನ್ನೆ ಲೇಟಾಯ್ತಲ್ಲ, ಇಡೀ ಡಿಪೋ ಸಿಹಿ ಹಂಚಬೇಕು ಎಂದು ಹಾಸ್ಯ ಮಾಡಿ ಹೋಗಿದ್ದ. ಆಗ ಅವಳು ಒಳಗಿದ್ದಳು, ಕೇಳಿಸಿಕೊಂಡಳು, ಅದು ಯಾವ ಮೊನ್ನೆ ಎಂದು ಯೋಚಿಸುವ ಮನಸ್ಸು ಅವಳಿಗೆ ಇರಲಿಲ್ಲ.

ಈಗ ಗ್ರಂಥಾಲಯದ ಸ್ಟಾಪೂ ದಾಟಿತು. ಉಳಿದದ್ದು ಈ ಒಂದು ಉದ್ದದ ಮರದ ಸಾಲು, ಅದರ ತುದಿಯಲ್ಲಿ ಮೈದಾನದ ಗೇಟು, ಗೇಟಿನ ಮುಂದೆ ರಸ್ತೆಗಡ್ಡ ಬಳಿದ ಬಿಳಿ ಗೆರೆ. ಗೆರೆಯ ಮೇಲೆ ಕಟ್ಟಿದ್ದ ಕಮಾನಿನ ಬಣ್ಣ ಕಾಣುತ್ತಿತ್ತು. ಅದು ಕಂಡದ್ದೇ ತಪ್ಪಾಯಿತೋ ಏನೋ, ಇನ್ನೇನು ಬಂತು ಎಂದು ಮನಸ್ಸು ಒಂದು ಕ್ಷಣ ಸಡಿಲವಾಯಿತು, ಹಿಮ್ಮಡಿಯಲ್ಲಿ ಏನೋ ಬಿಗಿದು ಹಿಡಿಯಿತು. ಅವಳು ದೀಪದ ಕಂಬವನ್ನು ತಬ್ಬಿ ನಿಂತಳು. ಹರಿಯಿತೇ? ಮತ್ತೆ ಹರಿಯಿತೇ? ಬಗ್ಗಿ ಹೆಬ್ಬೆರಳಿನಿಂದ ಹಿಮ್ಮಡಿಯನ್ನು ಸವರಿ ನೋಡಿದಳು, ಗಾಜಿನ ಅಂಚು ನೋಡುವ ಹಾಗೆ, ಮೇಲಿನಿಂದ ಕೆಳಕ್ಕೆ. ಹರಿದಿರಲಿಲ್ಲ. ಹರಿದಾಗ ಅಲ್ಲೊಂದು ಗುಂಡಿ ಸಿಗುತ್ತದೆ, ಅದು ಅವಳ ಬೆರಳಿಗೆ ನೆನಪಿದೆ. ಇದು ಬರೀ ಹಿಡಿತ. ನಡೆಯಬಹುದು. ಕಂಬ ಬಿಟ್ಟು ಒಂದು ಹೆಜ್ಜೆ ಇಟ್ಟಳು, ಕಣ್ಣಲ್ಲಿ ನೀರು ಬಂತು, ಇನ್ನೊಂದು ಹೆಜ್ಜೆ ಇಟ್ಟಳು. ಬೆನ್ನಿಗೆ ಎಂಜಿನ್ನಿನ ಬಿಸಿ ತಾಗಿತು. ಬಸ್ಸು ಬಂದೇಬಿಟ್ಟಿತ್ತು. ಮುಗಿಯಿತು ಎಂದುಕೊಂಡಳು. ಆಶ್ಚರ್ಯವೆಂದರೆ ದುಃಖ ಬರಲಿಲ್ಲ, ನಾಚಿಕೆ ಬಂತು. ಒಳಗೆ ಕೂತವರೆಲ್ಲ ಮುಂದಿನ ಗಾಜಿಗೆ ಮುಖ ಒತ್ತಿ ತನ್ನನ್ನೇ ನೋಡುತ್ತಿರುತ್ತಾರೆ, ಅವರ ನಡುವೆ ಅವನ ಮುಖವೂ ಇರುತ್ತದೆ ಎಂಬ ನಾಚಿಕೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ನಡೆಯುತ್ತಲೇ ಬಾಗಿಲಿನ ಸದ್ದಿಗಾಗಿ ಕಾದಳು.

ಸದ್ದಾಗಲಿಲ್ಲ. ಬದಲಿಗೆ ತೆರೆದ ಕಿಟಕಿಯಿಂದ ಹೆಣ್ಣು ದನಿಯೊಂದು ಕೇಳಿಸಿತು. ಓಟ ನಡೆಸುವವರು ಬಸ್ಸಿನ ಉಸ್ತುವಾರಿಗೆ ಹತ್ತಿಸಿದ್ದ ಹಸಿರು ಜಾಕೆಟ್ಟಿನ ಹುಡುಗಿ. ಸಮಯ ಆಗಿದೆ, ಅವರನ್ನು ಹತ್ತಿಸಿಕೊಳ್ಳಿ ಎನ್ನುತ್ತಿದ್ದಳು. ಬಾಗಿಲು ತೆಗೀರಿ ಸಾರ್ ಎನ್ನುತ್ತಿದ್ದಳು. ಆಮೇಲೆ ಅವನ ದನಿ, ದಿನವೂ ಕೇಳುವ ಅದೇ ಸಾದಾ ದನಿ.

"ಇಲ್ಲಿ ಸ್ಟಾಪಿಲ್ಲಮ್ಮ."

"ಇವತ್ತು ರೂಟ್ ಬಸ್ ಅಲ್ವಲ್ಲ ಸಾರ್ ಇದು."

"ಬಸ್ ಅಂದ್ಮೇಲೆ ಬಸ್ಸೇ. ಎರಡು ಸ್ಟಾಪ್ ನಡುವೆ ನಾನು ಬಾಗಿಲು ತೆಗೆಯಲ್ಲ."

ಹಾಗಾದರೆ ಅವರನ್ನು ದಾಟಿ ಮುಂದೆ ಹೋಗಿ, ಸ್ಟಾಪಿನಲ್ಲಿ ಕಾಯೋಣ ಎಂದಳು ಹುಡುಗಿ. ಬಸ್ಸಿನ ಹಿಂದೆ ಒಬ್ಬರನ್ನೂ ಬಿಡಬಾರದು ಅಂತ ಬೆಳಿಗ್ಗೆ ಬರೆದುಕೊಟ್ಟವರು ನೀವೇ, ಎಂದ ಅವನು. ದಾಟುವ ಹಾಗಿಲ್ಲ, ಹತ್ತಿಸಿಕೊಳ್ಳುವ ಹಾಗಿಲ್ಲ. ಹುಡುಗಿ ಮುಂದಿನ ಸ್ಟಾಪು ಎಲ್ಲಿದೆ ಎಂದು ಕೇಳಿದಳು.

ಮುಂದೆ ನಡೆಯುತ್ತಿದ್ದ ಅವಳಿಗೆ ಉತ್ತರ ಗೊತ್ತಿತ್ತು. ಆ ದಾರಿಯ ಸ್ಟಾಪುಗಳೆಲ್ಲ ಅವಳಿಗೆ ಬಾಯಿಪಾಠ. ಮುಂದಿನದು ಮೈದಾನದ ಸ್ಟಾಪು. ಅದು ಇರುವುದು ಗೇಟಿನಿಂದ ಆಚೆಗೆ. ಗೆರೆಯಿಂದ ಆಚೆಗೆ.

"ಮೈದಾನದ ಹತ್ರ. ಅಲ್ಲಿ ಬರಲಿ, ತೆಗೀತೀನಿ" ಎಂದ ಅವನು.

ಒಳಗೆ ಯಾರೋ ಗುಟುರು ಹಾಕಿದರು, ಹಾಗಾದರೆ ಇವರ ಹಿಂದೆ ಎಮ್ಮೆ ಹಿಂದೆ ಹೋದ ಹಾಗೆ ಹೋಗಬೇಕಾ ಎಂದು. ಮೇಷ್ಟ್ರ ದನಿ, ಈಗ ಉಸಿರು ಬಂದು ಗಟ್ಟಿಯಾಗಿದ್ದದ್ದು, ಅದಕ್ಕೆ ಉತ್ತರ ಕೊಟ್ಟಿತು: "ನನ್ನನ್ನೂ ಸ್ಟಾಪ್ ತನಕ ನಡೆಸ್ಕೊಂಡೇ ಬಂದ್ರಪ್ಪ ಇವರು. ನಿನ್ನನ್ನೂ ನಡೆಸಿದ್ರು. ಆಯಮ್ಮನಿಗೆ ಮಾತ್ರ ಯಾಕೆ ಬೇರೆ ಕಾನೂನು?" ಕೆಲವರು ನಕ್ಕರು.

ಆ ಮಾತು ಅವಳ ಬೆನ್ನಿಗೆ ಅಂಗೈಯಂತೆ ತಾಗಿತು. ಹೌದು, ಬೇರೆ ಕಾನೂನಿಲ್ಲ. ಅವನು ತನಗಾಗಿ ಏನೂ ಮಾಡುತ್ತಿಲ್ಲ. ಬೇಡವೆಂದು ತಾನೇ ಹೇಳಿದ್ದಳಲ್ಲ. ಮೇಷ್ಟ್ರಿಗೆ ಮಾಡಿದ್ದನ್ನೇ, ಎಲ್ಲರಿಗೂ ಮಾಡುವುದನ್ನೇ ಮಾಡುತ್ತಿದ್ದಾನೆ. ಅಷ್ಟಾದರೂ ಅವನ ದನಿಯ ತಳದಲ್ಲಿ ಏನೋ ಇತ್ತು, ಇಷ್ಟು ವರ್ಷ ಜೊತೆಗೆ ಬಾಳಿದವರಿಗೆ ಮಾತ್ರ ಸಿಗುವಂಥದ್ದು, ಮಗು ಹುಟ್ಟುವಾಗ ಆಸ್ಪತ್ರೆಯ ಬಾಗಿಲಲ್ಲಿ ದಾದಿಯನ್ನು, ಒಳಗೆ ಎಲ್ಲ ಸರಿಯಾಗಿದೆಯಾ ಎಂದು ಕೇಳಿದಾಗ ಇದ್ದದ್ದು. ಓಡಲು ನೋಡಿದಳು, ಆಗಲಿಲ್ಲ. ಆ ಮಧ್ಯಾಹ್ನದ ಹಾಗೆಯೇ ನಡೆದಳು, ಒಂದು ಕಾಲು ಊರಿ ಇನ್ನೊಂದನ್ನು ಎಳೆದು. ಬಸ್ಸು ಹಿಂದೆಯೇ ಬಂತು, ಅವಳನ್ನು ಒತ್ತದೆ, ಅವಳಿಂದ ದೂರವೂ ಆಗದೆ. ಅಷ್ಟು ದೊಡ್ಡ ಬಸ್ಸನ್ನು ಅಷ್ಟು ನಿಧಾನವಾಗಿ, ಒಮ್ಮೆಯೂ ಜಗ್ಗದಂತೆ ನಡೆಸುವುದಕ್ಕೆ ಕಾಲು ಬೇಕು ಎಂದು ಆಗ ಅವಳಿಗೆ ಹೊಳೆಯಿತು. ಕ್ಲಚ್ಚಿನ ಮೇಲೆ ಅವನ ಎಡಗಾಲು ಇಷ್ಟು ಹೊತ್ತು ಅರ್ಧ ಒತ್ತಿಕೊಂಡೇ ಇರಬೇಕು, ಸಂಜೆ ಮನೆಗೆ ಬಂದರೆ ಅದು ಕಲ್ಲಾಗಿರುತ್ತದೆ. ಕೂತು ಸಂಬಳ ತಗೊಂಡವರು ಎಂದಿದ್ದೆನಲ್ಲ ಎಂದುಕೊಂಡಳು. ಇಬ್ಬರೂ ಕಾಲು ನೋಯಿಸಿಕೊಂಡು ಒಂದೇ ರಸ್ತೆಯಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಹೋಗುತ್ತಿದ್ದರು.

ಗೆರೆಯ ಹತ್ತಿರ ಜನ ಹೆಚ್ಚಿರಲಿಲ್ಲ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದವರು ನಿಂತು ನೋಡಿದರು. ಬಸ್ಸಿಗೆ ಮುಂದಾಗಿ ಬರುತ್ತಿದ್ದ ಒಬ್ಬಂಟಿ ಹೆಂಗಸನ್ನು ಕಂಡು ಯಾರೋ ಚಪ್ಪಾಳೆ ತಟ್ಟಿದರು, ಕುರ್ಚಿ ಹಿಡಿದವರು ಕುರ್ಚಿ ಕೆಳಗಿಟ್ಟು ತಟ್ಟಿದರು. ಕೊನೆಗೆ ಅವಳ ಕಾಲಿಗೆ ಏನನ್ನಿಸಿತೋ, ನಾಲ್ಕು ಹೆಜ್ಜೆ ಓಡಿತು. ಬಿಳಿ ಬಣ್ಣ ಶೂ ಕೆಳಗೆ ಹಾದುಹೋದದ್ದನ್ನು ಬಗ್ಗಿ ನೋಡಿದಳು. ದಾಟಿದೆ. ಜೋರಾಗಿ ಅಳು ಬಂತು, ಅಲ್ಲೇ ನಿಂತು ಅತ್ತಳು. ಯಾರೋ ಕೊರಳಿಗೆ ಪದಕ ಹಾಕಿದರು, ಯಾರೋ ನೀರು ಕೊಟ್ಟರು. ಬಸ್ಸು ಅವಳ ಪಕ್ಕದಲ್ಲೇ ಹಾದು ಗೆರೆ ದಾಟಿತು. ಈಗ ಅವನು ಇಳಿದು ಬರುತ್ತಾನೆ ಎಂದುಕೊಂಡಳು. ಬಸ್ಸು ನಿಲ್ಲಲಿಲ್ಲ. ಗೇಟು ದಾಟಿ ಮುಂದೆ ಹೋಗಿ ಮೈದಾನದ ಸ್ಟಾಪಿನಲ್ಲಿ, ಕಂಬಕ್ಕೆ ಸರಿಯಾಗಿ ನಿಂತು ಬಾಗಿಲು ತೆರೆಯಿತು. ಮೇಷ್ಟ್ರು, ಉಳಿದವರು ಒಬ್ಬೊಬ್ಬರಾಗಿ ಇಳಿದರು. ಹಸಿರು ಜಾಕೆಟ್ಟಿನ ಹುಡುಗಿ ಕೊನೆಗೆ ಇಳಿದು, ಅವಳ ಕಡೆ ನೋಡಿ, ಬಸ್ಸಿನ ಕಡೆ ನೋಡಿ, ತಲೆ ಆಡಿಸುತ್ತಾ ಹೋದಳು.

ಅವಳು ನಡೆದಳು. ಅವಸರವಿರಲಿಲ್ಲ. ಬಾಗಿಲು ತೆರೆದೇ ಇತ್ತು, ಎಂಜಿನ್ ಗುಣುಗುಟ್ಟುತ್ತಲೇ ಇತ್ತು. ಅವಳು ಬಾಗಿಲ ಹತ್ತಿರ ಬರುವಷ್ಟರಲ್ಲಿ ಮೈದಾನದ ಕಡೆಯಿಂದ ಬಂದ ಮೇಲ್ವಿಚಾರಕನೊಬ್ಬ ಡ್ರೈವರನ ಕಿಟಕಿಗೆ ಕೈಯಿಟ್ಟು, ಇಷ್ಟು ತಡ ಯಾಕಾಯಿತು, ರಸ್ತೆ ಬಿಡಿ ಎಂದು ಆಗಿನಿಂದ ಫೋನ್ ಮೇಲೆ ಫೋನ್, ಇನ್ನೂ ಯಾಕೆ ನಿಂತಿದ್ದೀರಿ ಎಂದು ಕೇಳುತ್ತಿದ್ದ. ಅವನು ಮುಂದೆ ನೋಡುತ್ತಲೇ ಹೇಳಿದ.

"ಒಬ್ಬರು ಬರೋರಿದಾರೆ, ಕಾಯ್ತಿದೀನಿ."

ಅವಳ ಕೈ ಬಾಗಿಲ ಕಂಬಿಯ ಮೇಲಿತ್ತು. ಗಡಿಯಾರ ಮೊನ್ನೆ ಲೇಟಾಯ್ತಲ್ಲ ಎಂದು ಅವನ ಗೆಳೆಯ ನಕ್ಕದ್ದು ಆಗ ನೆನಪಿಗೆ ಬಂತು, ಅದು ಯಾವ ಮೊನ್ನೆ ಎಂದು ಆಗ ಗೊತ್ತಾಯಿತು. ಅವತ್ತೂ ಇವನು ಹೀಗೇ, ಬಸ್ಸು ತುಂಬ ಬೈಗುಳ ತಿನ್ನುತ್ತಾ, ಕೋಲಿನ ಸದ್ದು ಹತ್ತಿರವಾಗುವುದನ್ನು ಕೇಳಿಸಿಕೊಳ್ಳುತ್ತಾ ಕೂತಿದ್ದನೇ? ಅವಳು ಹತ್ತಿದಳು. ಒಂದೊಂದೇ ಮೆಟ್ಟಿಲು, ಕಂಬಿ ಹಿಡಿದು. ಕೊನೆಯ ಸೀಟಿಗೆ ಹೋಗಲಿಲ್ಲ, ಅವನ ಹಿಂದಿನ ಸೀಟಿನಲ್ಲಿ ಕೂತಳು. ಅವನ ಅಂಗಿಯ ಬೆನ್ನು ಪೂರ್ತಿ ಬೆವರಿ ಮೈಗಂಟಿತ್ತು, ಓಡಿ ಬಂದವನು ಅವನೇ ಎನ್ನುವ ಹಾಗೆ. ಮೇಲಿನ ಕನ್ನಡಿಯಲ್ಲಿ ಅವನ ಕಣ್ಣು ಮೊದಲು ಅವಳ ಪದಕ ನೋಡಿತು, ಆಮೇಲೆ ಅವಳ ಕಾಲು ಕಾಣದ್ದರಿಂದ ಮುಖ ನೋಡಿತು.

"ಹರಿದಿಲ್ಲ ರೀ. ಬರೀ ಹಿಡಿದಿದೆ" ಎಂದಳು.

ಅವನು ತಲೆಯಾಡಿಸಿದ. ಸ್ಟಿಯರಿಂಗ್ ಮೇಲೆ ಒಂದು ಬೆರಳು ಎದ್ದು ಮಲಗಿತು. ಆಮೇಲೆ, ಇಷ್ಟು ವರ್ಷದ ಸರ್ವೀಸಿನಲ್ಲಿ ಯಾವ ಪ್ಯಾಸೆಂಜರನ್ನೂ ಕೇಳದ ಮಾತನ್ನು ಕೇಳಿದ.

"ಹೊರಡ್ಲಾ?"

ಹೊರಗೆ ಮೇಲ್ವಿಚಾರಕ ಬಸ್ಸಿನ ಮೈ ತಟ್ಟುತ್ತಿದ್ದ. ಅವಳು ಕೈ ಚಾಚಿ ಅವನ ಒದ್ದೆ ಬೆನ್ನಿನ ಮೇಲೆ ಇಟ್ಟಳು.

"ಸ್ವಲ್ಪ ಇರಿ" ಎಂದಳು.

ಅವನು ಎಂಜಿನ್ ಆರಿಸಿದ.